ಮುರಿಯಬೇಕಿದ್ದ ಪಿನ್ನು

ಹರಿಹರ
9-2-1982, ಮಂಗಳವಾರ

ಬೇಟಾ ಹಿದಾಯತ್,

ಇದು ನಿನ್ನ ಅಬ್ಬಾ ತನ್ನ ಕೈಯಾರೆ ಬರೆಯುತ್ತಿರುವ ಕಾಗದ. ನಿನ್ನ ಅಮ್ಮಿ ಹೇಳಿ ಬೇರೆಯವರು ಬರೆದದ್ದಲ್ಲ. ಅಕ್ಷರ ನೋಡಿ ಗಾಬರಿಯಾಗಬೇಡ, ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನ ಕೈ ಹೀಗೇ ಓಡುತ್ತದೆ. ನೀನು ಪಲ್ಟನ್ನು ಸೇರಿದ ಒಂಬತ್ತು ವರ್ಷದಲ್ಲಿ ಒಂದು ಸಾಲು ಬರೆದವನಲ್ಲ ನಾನು. ಈಗ ಬರೆಯುತ್ತಿದ್ದೇನೆ ಅಂದರೆ ಕೆಲಸವಿದೆ ಅಂತ ತಿಳಿ.

ನಿಮ್ಮ ಕಾಗದಗಳನ್ನು ಒಡೆದು ಓದುವ ಸಾಹೇಬರು ಇರುತ್ತಾರಂತೆ. ಅವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಸ್ವಾಮಿ, ನಿಮ್ಮ ಶಸ್ತ್ರದ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ನಾನು ಬರೆಯುವುದಿಲ್ಲ. ಮಸಿ ಬಳಿಯಲೇಬೇಕು ಅನ್ನಿಸಿದರೆ ನಾನು ಬೈದ ಕಡೆ ಬಳಿಯಿರಿ. ಪಿನ್ನಿನ ವಿಷಯದ ಮೇಲೆ ಮಾತ್ರ ಬಳಿಯಬೇಡಿ.

ಮೊದಲು ಕೆಲಸದ ಮಾತು. ನಿಮ್ಮ ಗಾಡಿಯ ಕಂಬಿಯ ಮೇಲೆ ಕ್ಷಿಪಣಿ ಜಾರದಂತೆ ಹಿಡಿದಿಡುವ ಪಿನ್ನು ಇದೆಯಲ್ಲ, ಬೆರಳುದ್ದ, ನಡು ಸಣ್ಣಗೆ ಕೊರೆದದ್ದು, ಅದು ಈ ಸಲ ಹೊಸದು ಬಂದಿದ್ದರೆ ಹಾಕಬೇಡಿ. ಅದನ್ನು ಮಾಡಿದವನು ನಾನು. ತಪ್ಪು ಮಾಡಿದ್ದೇನೆ. ಇಪ್ಪತ್ತನಾಲ್ಕನೇ ತಾರೀಖು ಸಮುದ್ರದ ದಂಡೆಯಲ್ಲಿ ನಿಜವಾದ ಕ್ಷಿಪಣಿ ಹಾರಿಸುವ ಸರದಿ ನಿನ್ನದು ಅಂತ ಅಮ್ಮಿಗೆ ಬರೆದಿದ್ದೀ. ಅವಳು ಆ ಕಾಗದವನ್ನು ಅಕ್ಕಪಕ್ಕದ ನಾಲ್ಕು ಮನೆಯಲ್ಲಿ ಓದಿಸಿಕೊಂಡು ಬಂದಳು. ಇನ್ನು ಹದಿನೈದು ದಿನ ಇದೆ. ಅಂಚೆಗೆ ಎಂಟು ದಿನ ಅಂದರೂ ಇದು ನಿನ್ನ ಕೈ ಸೇರುತ್ತದೆ ಅಂತ ಲೆಕ್ಕ ಹಾಕಿದ್ದೇನೆ. ಲೆಕ್ಕ ಹಾಕಿ ಎದ್ದು ಬಾಗಿಲ ತನಕ ಹೋಗಿ ಬಂದೆ. ಮತ್ತೆ ಕೂತು ಬರೆಯುತ್ತಿದ್ದೇನೆ. ನಾಲ್ಕು ಸಾಲಿಗೊಮ್ಮೆ ಏಳುತ್ತಿದ್ದೇನೆ, ಅದಕ್ಕೇ ಮಸಿ ಅಲ್ಲಲ್ಲಿ ಬೇರೆ ಬೇರೆಯಾಗಿ ಒಣಗಿದೆ.

ಹೇಗಾಯಿತು ಅಂತ ಹೇಳಬೇಕು. ಅದಕ್ಕೆ ನಿನ್ನ ಹೋದ ರಜೆಯಿಂದ ಶುರು ಮಾಡಬೇಕು.

ಎರಡು ವರ್ಷದ ಹಿಂದೆ ಈದ್‌ಗೆ ಬಂದಿದ್ದೆ ನೀನು. ಹಿತ್ತಲಲ್ಲಿ ಮಂಡಕ್ಕಿ ತಿನ್ನುತ್ತ ಕೂತಿದ್ದೆವು. ಹೊಳೆಯ ಕಡೆಯಿಂದ ಒಂದು ಹದ್ದು ಬಂತು. ನೀನು ಅಮ್ಮಿಯ ಶುಂಠಿ ಕುಟ್ಟುವ ಹಾರೆಯನ್ನು ಕಾಲ ನಡುವೆ ನಿಲ್ಲಿಸಿಕೊಂಡು ಅದರ ತುದಿಗೆ ಹೆಬ್ಬೆರಳು ಇಟ್ಟೆ. "ನೋಡ್ರಿ ಅಬ್ಬಾ, ಬಾಣದ ಬಾಲದಾಗೆ ಬೆಂಕಿ ಇರ್ತೈತೆ. ದುರ್ಬೀನಿನಾಗೆ ಆ ಬೆಂಕೀನ ವಿಮಾನದ ಮ್ಯಾಲೆ ಕೂಡಿಸ್ಬೇಕು. ಅದು ಹೊಳ್ಳಿದಂಗೆ ನಾವೂ ಹೊಳ್ಳಿಸ್ಬೇಕು. ಎಲ್ಲಾ ಈ ಹೆಬ್ಬೆರಳಿಂದ. ನಡುಗಿದ್ರೆ ಹೋತು" ಅಂದೆ. ದೂರದ ವಿಮಾನಕ್ಕೆ ಬೇರೆ ಶಸ್ತ್ರ ಇದೆ, ಇದು ತಲೆಯ ಮೇಲೇ ಬಂದುಬಿಟ್ಟ ವಿಮಾನಕ್ಕೆ, ಮೂರು ಮೈಲಿ ಒಳಗೆ ಬಂದದ್ದಕ್ಕೆ, ನಮ್ಮದು ನೆಲದ ಮೇಲೆ, ಹಡಗಿನ ಮೇಲೆ ಇದರ ಅಣ್ಣ ಇದ್ದಾನೆ ಅಂತೆಲ್ಲ ಹೇಳಿದೆ. ನಾನು ಮಂಡಕ್ಕಿ ಅಗಿಯುತ್ತ ಏನಂದೆ, ನೆನಪಿದೆಯಲ್ಲ. "ಹೆಬ್ಬೆರಳು ಆಡಿಸಾಕೆ ಸರಕಾರ ಪಗಾರ ಕೊಡ್ತೈತಾ? ನಾನು ಹತ್ತೂ ಬೆರಳು ಆಡಿಸ್ತೀನಿ, ನನಗ್ಯಾರು ಕೊಟ್ರು" ಅಂದೆ.

ನೀನು ಹಾರೆಯನ್ನು ಒಳಗೆ ಇಟ್ಟು ಹೊರಗೆ ಹೋದೆ. ಆಮೇಲೆ ಉಳಿದ ಹನ್ನೊಂದು ದಿನ ನನ್ನ ಮುಂದೆ ನಿನ್ನ ಕೆಲಸದ ಮಾತೆತ್ತಲಿಲ್ಲ. ನಿನ್ನ ಅಮ್ಮಿ ಉರ್ದುವಿನಲ್ಲಿ ಬೈದಳು. ಅದನ್ನು ಕನ್ನಡಕ್ಕೆ ಇಳಿಸಿದರೆ ಅರ್ಧ ಖಾರ ಹೋಗುತ್ತದೆ, ಬಿಡು. ನೀನು ರೈಲು ಹತ್ತಿದ ಮಾರನೇ ದಿನ ನಾನು ಹಿತ್ತಲಿಗೆ ಹೋಗಿ ಅದೇ ಹಾರೆ ಹಿಡಿದು ಕೂತೆ. ಹದ್ದು ಬಂತು. ಹತ್ತು ಎಣಿಸುವಷ್ಟರಲ್ಲಿ ಹೆಬ್ಬೆರಳು ಸೋತಿತು, ಕಣ್ಣಲ್ಲಿ ನೀರು ಬಂತು, ಹದ್ದು ಎಲ್ಲಿ ಹೋಯಿತೋ ತಿಳಿಯಲಿಲ್ಲ. ನಿನ್ನದು ದೊಡ್ಡ ಕೆಲಸ. ನಾನು ಅಂದದ್ದು ತಪ್ಪು. ಇದನ್ನು ಹೇಳುವುದಕ್ಕೆ ಎರಡು ವರ್ಷ ಬೇಕಾಯಿತು, ಅದೂ ಬೇರೆ ತಪ್ಪು ಹೇಳುವ ನೆಪ ಸಿಕ್ಕಿದ ಮೇಲೆ.

ಹೋದ ನವೆಂಬರಿನಲ್ಲಿ ನಮ್ಮ ವರ್ಕ್‌ಶಾಪಿನ ಮಾಲೀಕ ನಾಗರಾಜಪ್ಪನವರು ಬೆಂಗಳೂರಿಗೆ ಹೋಗಿ ಬಂದರು. ಅಲ್ಲಿ ಸೈನ್ಯದವರು ಹೊರದೇಶದಿಂದ ತರಿಸುವ ಬಿಡಿಭಾಗಗಳನ್ನೆಲ್ಲ ಒಂದು ಕೋಣೆಯಲ್ಲಿ ಹರಡಿ, ಇವನ್ನು ಇಲ್ಲೇ ಯಾರು ಮಾಡಿಕೊಡುತ್ತೀರಿ ಅಂತ ಕೇಳುತ್ತಾರಂತೆ. ನಾಗರಾಜಪ್ಪ ಒಂದು ಪಿನ್ನು ಹಿಡಿದುಕೊಂಡು ಬಂದರು. ಜೊತೆಗೆ ನಕ್ಷೆ, ಜೊತೆಗೆ ಕಬ್ಬಿಣದ ಸರಳುಗಳು. ಇನ್ನೂರು ಪಿನ್ನು. ನೂರಿಪ್ಪತ್ತು ಭೂಸೇನೆಗೆ, ಎಂಬತ್ತು ನೌಕಾಪಡೆಗೆ. "ಹುಸೇನ್ ಸಾಬ್ರೆ, ಇದು ನಿಮ್ ಕೈಯಾಗೇ ಆಗ್ಬೇಕು" ಅಂದು ಶಸ್ತ್ರದ ಹೆಸರು ಹೇಳಿದರು. ಹಿತ್ತಲಲ್ಲಿ ನೀನು ಹೇಳಿದ ಹೆಸರೇ ಅದು. ಲೇತಿನ ಕಡೆ ತಿರುಗಿಕೊಂಡೆ, ಮುಖ ಕಾಣದ ಹಾಗೆ.

ಸರಳನ್ನು ಲೇತಿಗೆ ಹಾಕಿ ಒಂದು ಗೀರು ಎಳೆದೆ. ಬೆಣ್ಣೆ. ಸುರುಳಿ ಸುರುಳಿಯಾಗಿ ಬಂತು. ನನಗೆ ಸಿಟ್ಟು ಬಂತು. ಗೇಟಿನ ಚಿಲಕಕ್ಕೂ ಹಾಕದಂಥ ಮೆತ್ತನೆ ಕಬ್ಬಿಣ. ಅದರ ಮೇಲೆ ನಡುವನ್ನು ಬೇರೆ ಕೊರೆದು ಸಣ್ಣ ಮಾಡಬೇಕಂತೆ. ನನ್ನ ಮಗ ಹಿಂದೆ ಕೂತು ಹಾರಿಸುವ ಬಾಣವನ್ನು ಹಿಡಿಯುವುದಕ್ಕೆ ಇದಾ ಅಂದುಕೊಂಡೆ. ನಕ್ಷೆಯ ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು ಇದ್ದವು. ನಾಗರಾಜಪ್ಪನವರನ್ನು ಕೇಳಿದ್ದರೆ ಓದಿ ಹೇಳುತ್ತಿದ್ದರು. ಅವರು ಆ ವಾರ ಮಗಳನ್ನು ದಾವಣಗೆರೆಯ ವಿದ್ಯಾನಗರದ ಹಾಸ್ಟೆಲಿಗೆ ಬಿಡುವ ಓಡಾಟದಲ್ಲಿದ್ದರು. ಅವರು ಇದ್ದಿದ್ದರೂ ನಾನು ಕೇಳುತ್ತಿರಲಿಲ್ಲ. ಅಳತೆ ಕಂಡರೆ ಸಾಕು, ಮಿಕ್ಕದ್ದು ನನಗೆ ಗೊತ್ತು ಅಂತ ಮೂವತ್ತು ವರ್ಷ ಹೇಳಿಕೊಂಡು ಬಂದವನು. ನಿನಗೊಂದು ಕಾಗದ ಹಾಕಿ ಈ ಪಿನ್ನು ಏನು ಮಾಡುತ್ತದೆ ಅಂತ ಕೇಳಬಹುದಿತ್ತು. ಅದು ಹೊಳೆಯಿತು. ಆದರೆ ಹೆಬ್ಬೆರಳಿನ ಮಾತು ಆಡಿದ ಮೇಲೆ ಯಾವ ಮುಖ ಇಟ್ಟುಕೊಂಡು ಕೇಳಲಿ?

ನಮ್ಮ ಕಡೆಯ ಪದ್ಧತಿ ನಿನಗೆ ಗೊತ್ತು. ಭತ್ತದ ಮಿಲ್ಲಿನವರಾಗಲಿ ಗಾಣದವರಾಗಲಿ ಮುರಿದ ಪಿನ್ನು ಹಿಡಿದುಕೊಂಡು ಬಂದು "ಮತ್ತೆ ಮುರಿಯದಂಗೆ ಮಾಡಿಕೊಡ್ರಿ" ಅನ್ನುತ್ತಾರೆ. ನಾವು ಗುಜರಿಯಲ್ಲಿ ಸಿಕ್ಕ ಲಾರಿಯ ಆ್ಯಕ್ಸಲ್ ಉಕ್ಕಿನಲ್ಲಿ ಮಾಡಿಕೊಡುತ್ತೇವೆ. ಅದಕ್ಕಿಂತ ಗಟ್ಟಿ ಈ ಸೀಮೆಯಲ್ಲಿಲ್ಲ. ನಾನು ಅದನ್ನೇ ಮಾಡಿದೆ. ಎರಡು ಹಳೇ ಆ್ಯಕ್ಸಲ್ ತಂದು ಭತ್ತದ ಹೊಟ್ಟಿನ ಬೆಂಕಿಯಲ್ಲಿ ಹೂತು ಮೆತ್ತಗೆ ಮಾಡಿ, ಲೇತಿನಲ್ಲಿ ಇಳಿಸಿದೆ. ಅಳತೆ ಕೂದಲಷ್ಟೂ ತಪ್ಪಲಿಲ್ಲ. ಭಾನುವಾರ ಎಲ್ಲವನ್ನೂ ಮನೆಗೆ ತಂದು ಕೆಂಪಗೆ ಕಾಯಿಸಿ ಎಣ್ಣೆಗೆ ಹಾಕಿ ಮತ್ತೆ ಗಟ್ಟಿಯಾಗುವ ಹಾಗೆ ಹದ ಕೊಟ್ಟೆ. ಎಣ್ಣೆ ಅಂದರೆ ನಿನ್ನ ಅಮ್ಮಿಯ ಶೇಂಗಾ ಎಣ್ಣೆ. ಚೊಂಯ್ ಅನ್ನುವ ಸದ್ದಿಗೆ ಓಡಿ ಬಂದಳು. "ಏನ್ರಿ, ಕಬ್ಬಿಣದ ಮಿರ್ಚಿ ಕರೀತೀರೇನು? ಮಂಡಕ್ಕಿ ತರ್ಲಾ?" ಅಂದಳು. ಮಗನದು ಅಂದೆ. ಅಷ್ಟೇ ಅಂದದ್ದು. ಅವಳು ತಕರಾರು ಮಾಡದೆ ಡಬ್ಬಿಯಲ್ಲಿ ಉಳಿದಿದ್ದನ್ನೂ ತಂದು ಸುರಿದಳು.

ನಾಗರಾಜಪ್ಪನವರಿಗೆ ಆಗ ಇದು ಗೊತ್ತಿರಲಿಲ್ಲ. ಅವರು ತಾವು ತಂದ ಸರಳಿನ ತುಂಡನ್ನೇ ಪರೀಕ್ಷೆಗೆ ಕಳಿಸಿದರು, ಅದು ಪಾಸಾಯಿತು. ಪಿನ್ನುಗಳ ಅಳತೆ ನೋಡಿದರು, ಅದೂ ಪಾಸಾಯಿತು. ಯಾರನ್ನೂ ಬೈಯುವ ಹಾಗಿಲ್ಲ. ಸಂಕ್ರಾಂತಿಗೆ ಮುಂಚೆ ಇನ್ನೂರೂ ಪೆಟ್ಟಿಗೆ ಸೇರಿ ಹೋದವು. ಆ ವಾರ ನಾನು ಚೆನ್ನಾಗಿ ಊಟ ಮಾಡಿದೆ, ಯಾರ ಮೇಲೂ ರೇಗಲಿಲ್ಲ. ನಿನ್ನ ಅಮ್ಮಿ ನನ್ನ ಹಣೆ ಮುಟ್ಟಿ ಜ್ವರ ಬಂದಿದೆಯಾ ಅಂತ ನೋಡಿದಳು.

ಜನವರಿ ಕೊನೆಯ ವಾರ ಭಾನುವಳ್ಳಿಯಿಂದ ತಿಪ್ಪೇರುದ್ರಪ್ಪನವರು ಹೇಳಿಕಳಿಸಿದರು. ಅವರ ಕಬ್ಬಿನ ಗಾಣ ನಿಂತಿತ್ತು. ಹೋದ ವರ್ಷ ಅದರ ಪಿನ್ನು ಹಂಗಾಮಿನಲ್ಲಿ ಮೂರು ಸಲ ಮುರಿದಿತ್ತು ಅಂತ ನಾನೇ ಆ್ಯಕ್ಸಲ್ ಉಕ್ಕಿನದು ಮಾಡಿಕೊಟ್ಟಿದ್ದೆ. ಬಸ್ಸಿಳಿದು ಹೋದರೆ ಗಾಣದ ಸುತ್ತ ಕಬ್ಬು ಒಣಗುತ್ತ ಬಿದ್ದಿದೆ. ತಿಪ್ಪೇರುದ್ರಪ್ಪ ಕಟ್ಟೆಯ ಮೇಲೆ ಬೀಡಿ ಹಿಡಿದು ಕೂತಿದ್ದರು. "ಬರ್ರಿ ಸಾಬ್ರೆ. ನಿಮ್ ಪಿನ್ನಿಗೆ ಹಾರ ಹಾಕಿ ಮೆರವಣಿಗೆ ಮಾಡ್ಬೇಕು ಅಂತ ಕುಂತೀನಿ. ಅದೊಂದು ಬಿಟ್ಟು ಮಿಕ್ಕಿದ್ದೆಲ್ಲಾ ಮುರದೈತೆ" ಅಂದರು. ಕಬ್ಬಿನ ಕಟ್ಟಿನಲ್ಲಿ ಯಾರೋ ಕುಡುಗೋಲು ಮರೆತಿದ್ದಾರೆ. ಅದು ಉರುಳೆಗೆ ಸಿಕ್ಕಿದೆ. ಮೊದಲಿನ ಪಿನ್ನಾಗಿದ್ದರೆ ಪಟ್ ಅಂತ ಮುರಿದು, ಉರುಳೆ ನಿಂತು ಇಂಜಿನ್ನು ಸುಮ್ಮನೆ ತಿರುಗುತ್ತಿತ್ತು. ನನ್ನದು ಮುರಿಯಲಿಲ್ಲ. ದೊಡ್ಡ ಚಕ್ರದ ಹಲ್ಲು ಕಿತ್ತು ಹಾರಿ ತಗಡಿನ ಗೋಡೆಯಲ್ಲಿ ತೂತು ಮಾಡಿಕೊಂಡು ಹೊರಗೆ ಬಿದ್ದಿತ್ತು. ತಿಪ್ಪೇರುದ್ರಪ್ಪ ಆ ತೂತಿನಲ್ಲಿ ಬೆರಳು ಹಾಕಿ ತೋರಿಸಿದರು. "ಕಬ್ಬು ಕೊಡೋಳು ಇಲ್ಲೇ ನಿಲ್ಲೋದು. ಆವಾಗ ನೀರು ಕುಡಿಯಾಕೆ ಹೋಗಿದ್ಲು. ಪಿನ್ನು ಅಂದ್ರೆ ಮುರಿಯಾಕೇ ಅಲ್ಲೇನ್ರಿ ಇಟ್ಟಿರೋದು? ನಮಗೆ ಬುದ್ಧಿ ಇರ್ಲಿಲ್ಲ, ಗಟ್ಟಿ ಕೇಳಿದ್ವಿ. ನಿಮಗೆ ಎಲ್ಲಿ ಹೋಗಿತ್ತು?" ಅಂದರು.

ಅವರು ಮುಂದೆ ಏನಂದರೋ ನನಗೆ ಕೇಳಲಿಲ್ಲ. ಸೈನ್ಯದ ಪಿನ್ನಿನ ಸಣ್ಣ ನಡು ಕಣ್ಣಿಗೆ ಬಂದು ನಿಂತಿತು. ಅದನ್ನು ಹಾಗೆ ಕೊರೆದದ್ದು ಅಲ್ಲಿ ಮುರಿಯಲಿ ಅಂತ. ಬೆಂಕಿ ಹತ್ತಿದ ಕೂಡಲೇ ಬಾಣ ಮುಂದಕ್ಕೆ ದೂಡುತ್ತದೆ, ಪಿನ್ನು ಮುರಿಯುತ್ತದೆ, ಬಾಣ ಹೋಗುತ್ತದೆ. ಪಿನ್ನು ಮುರಿಯದಿದ್ದರೆ? ಬೆಂಕಿ ಉಗುಳುವ ಬಾಣ ಗಾಡಿಯ ಮೇಲೇ ಉಳಿಯುತ್ತದೆ. ಇಲ್ಲ, ತಡವಾಗಿ ಕಿತ್ತುಕೊಂಡು ಸೊಟ್ಟಗೆ ಎಲ್ಲಿಗೋ ಹೋಗುತ್ತದೆ. ಹೋಗದೆ ನಿಂತರೆ ಅದರ ಹತ್ತಿರ ಯಾರಾದರೂ ಹೋಗಿ ನೋಡಲೇಬೇಕಲ್ಲ. ನಿನ್ನ ಸ್ವಭಾವ ನನಗೆ ಗೊತ್ತು. ನೀನೇ ಮೊದಲು ಏಳುವವನು.

ಹರಿಹರಕ್ಕೆ ಬಂದು ನಾಗರಾಜಪ್ಪನವರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ನಕ್ಷೆಯ ಕೆಳಗಿನ ಎರಡು ಸಾಲು ಓದಿದರು. ಇಷ್ಟು ಒತ್ತಡಕ್ಕೆ ಮುರಿಯಲೇಬೇಕು, ಬೇರೆ ಲೋಹ ಕೂಡದು ಅಂತ ಬರೆದಿತ್ತು. ಕನ್ನಡಕ ತೆಗೆದು, "ಸುಮ್ನೆ ಇದ್ದುಬಿಡೋಣ ಸಾಬ್ರೆ. ಅಷ್ಟು ದೊಡ್ಡ ಬಾಣ, ಮುರೀತೈತೆ ಬಿಡ್ರಿ" ಅಂದರು. ನನಗೂ ಆ ಮಾತು ಬೇಕಾಗಿತ್ತು. ನಿನಗೊಬ್ಬನಿಗೆ ತಿಳಿಸಿದರೆ ಸಾಕು ಅಂದುಕೊಂಡೆ. ಅಂಚೆ ಕಚೇರಿಗೆ ಹೋಗಿ "ಹೊಸ ಪಿನ್ನು ಹಾಕಬೇಡ" ಅಂತ ತಂತಿ ಕೊಡಲು ಹೋದರೆ ತಂತಿಯ ಗುಮಾಸ್ತ ಜಂಬಯ್ಯ ಕಾಗದವನ್ನು ಎರಡು ಸಲ ಓದಿ ವಾಪಸು ಕೊಟ್ಟ. "ಮಿಲಿಟರಿ ವಿಳಾಸಕ್ಕೆ ಇಂಥಾದ್ದು ಕಳಿಸಿದ್ರೆ ಗುಪ್ತ ಭಾಷೆ ಅಂತ ನನ್ನ ಎಳ್ಕೊಂಡು ಹೋಗ್ತಾರ್ರಿ. ಯಾರಾದ್ರೂ ಸತ್ರೆ ಹೇಳ್ರಿ, ಈಗ್ಲೇ ಬಡೀತೀನಿ" ಅಂದ. ಅವನ ಮೇಲೆ ಕೈ ಎತ್ತಿದೆ. ಎತ್ತಿ ಇಳಿಸಿದೆ.

ಮನೆಗೆ ಬಂದು ನಿನ್ನ ಅಮ್ಮಿಗೆ ಹೇಳಿದೆ. ಅವಳು ಅಳಲಿಲ್ಲ. ರೊಟ್ಟಿ ತಟ್ಟುವುದನ್ನು ನಿಲ್ಲಿಸಲೂ ಇಲ್ಲ. "ಇನ್ನೂರು ಮಾಡೀರಲ್ಲ, ಹಿದಾಯತ್‌ನ ಪಿನ್ನು ಯಾವುದು ಅಂತ ಅದರ ಮ್ಯಾಲೆ ಬರದೀರೇನು?" ಅಂತ ಕೇಳಿದಳು. ಇಲ್ಲ ಅಂದೆ. "ಮತ್ತೆ ಅವನೊಬ್ಬನಿಗೇ ಹೆಂಗೆ ಹೇಳ್ತೀರಿ? ಹಡಗಿನ ಮ್ಯಾಲೆ ಕುಂತೋರಿಗೆ ಯಾರ ಅಪ್ಪ ಕಾಗದ ಬರೀಬೇಕು? ಎದ್ದು ಬೆಂಗಳೂರಿಗೆ ಹೋಗ್ರಿ" ಅಂದಳು. ರೊಟ್ಟಿ ಕಟ್ಟಿ ಕೈಗೆ ಕೊಟ್ಟಳು.

ಮಾರನೇ ಬೆಳಿಗ್ಗೆ ದಾವಣಗೆರೆಯ ಬಸ್‌ಸ್ಟ್ಯಾಂಡಿನಲ್ಲಿ ಬೆಂಗಳೂರಿನ ಬಸ್ಸು ಹತ್ತಿ ಕೂತೆ. ಬಸ್ಸು ಹೊರಡುವ ಹೊತ್ತಿಗೆ ನಾಗರಾಜಪ್ಪನವರು ಹತ್ತಿದರು. ಬಗಲಲ್ಲಿ ನಕ್ಷೆಯ ಸುರುಳಿ. ಅವರ ಮನೆಗೆ ನಿನ್ನ ಅಮ್ಮಿ ಹೋಗಿ ಬಂದಿದ್ದಳು ಅಂತ ನನಗೆ ಆಮೇಲೆ ತಿಳಿಯಿತು. ಪಕ್ಕದಲ್ಲಿ ಜಾಗ ಇದ್ದರೂ ಅವರು ಮುಂದಿನ ಸೀಟಿನಲ್ಲಿ ಕೂತರು. ಚಿತ್ರದುರ್ಗದಲ್ಲಿ ಚಹಾಕ್ಕೆ ಇಳಿದಾಗ ತಮ್ಮ ಲೋಟ ಹಿಡಿದು ಬಸ್ಸಿನ ಆ ಕಡೆಗೆ ಹೋಗಿ ನಿಂತರು. ಅವರ ಕತ್ತಿನ ಹಿಂದಿನ ನೆರಿಗೆ ನೋಡಿಕೊಂಡು ಆರು ಗಂಟೆ ಕೂತಿದ್ದೆ.

ತಪಾಸಣೆಯ ಕಚೇರಿಯಲ್ಲಿ ಒಬ್ಬ ಸಣ್ಣ ವಯಸ್ಸಿನ ಎಂಜಿನಿಯರ್ ಸಾಹೇಬರು ನನ್ನ ಮಾತನ್ನು ಕೊನೆತನಕ ಕೇಳಿದರು. ಅವರ ಬಳಿ ನಮೂನೆಗೆ ಅಂತ ಇನ್ನೂರರ ಮೇಲೆ ಹೆಚ್ಚಾಗಿ ಕಳಿಸಿದ್ದ ಒಂದು ಪಿನ್ನು ಇತ್ತು, ನನ್ನದೇ. ಅದನ್ನು ಒತ್ತಿ ಮುರಿಯುವ ಮಿಷನ್ನಿಗೆ ಹಾಕಿದರು. ಮುಳ್ಳು ಮೇಲಕ್ಕೆ ಏರಿತು. ಮುರಿಯಬೇಕಾದ ಗುರುತು ದಾಟಿತು. ನಾನು ಮಾಡಿದ ಮಾಲು ಮುರಿಯಲಿ ಅಂತ ನಾನು ಯಾವತ್ತೂ ಬೇಡಿಕೊಂಡವನಲ್ಲ ಹಿದಾಯತ್. ಅವತ್ತು ಬೇಡಿಕೊಂಡೆ. ಅದು ಕೇಳಲಿಲ್ಲ. ಗುರುತಿಗಿಂತ ಮೂರು ಪಟ್ಟು ಏರಿದ ಮೇಲೆ ಗುಂಡು ಹೊಡೆದ ಹಾಗೆ ಸದ್ದಾಯಿತು. ಸಾಹೇಬರು ಎರಡು ತುಂಡುಗಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. "ಕೆಲಸ ತುಂಬ ಚೆನ್ನಾಗಿದೆ ಯಜಮಾನ್ರೇ. ಅದೇ ತೊಂದರೆ" ಅಂದರು. ಹೀಗ್ಯಾಕೆ ಮಾಡಿದಿರಿ ಅಂತ ಕೇಳಿದರು. ನನ್ನ ಮಗ ಅದರ ಹಿಂದೆ ಕೂರುತ್ತಾನೆ ಅಂದೆ. ಅವರು ಫೋನಿನ ಕಡೆ ತಿರುಗಿದರು.

ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿದರು. ಹಡಗಿನ ಎಂಬತ್ತು ಉಗ್ರಾಣದಲ್ಲೇ ಇದ್ದವು, ಪೆಟ್ಟಿಗೆ ಒಡೆದಿರಲಿಲ್ಲ. ಭೂಸೇನೆಯ ನೂರಿಪ್ಪತ್ತರಲ್ಲಿ ತೊಂಬತ್ತಾರು ಸಿಕ್ಕವು. ಇಪ್ಪತ್ತನಾಲ್ಕು ಪಲ್ಟನ್ನುಗಳಿಗೆ ಹೋಗಿಬಿಟ್ಟಿದ್ದವು. ಯಾವ ಪಲ್ಟನ್ನಿಗೆ ಅಂತ ಕೇಳಿದೆ. ಹೇಳುವ ಹಾಗಿಲ್ಲ ಅಂದರು. ಸೂಚನೆ ಹೋಗಿದೆ, ತೆಗೆಸುತ್ತಾರೆ, ನೀವು ಊರಿಗೆ ಹೋಗಿ ಅಂದರು. ಒಳ್ಳೆಯ ಮನುಷ್ಯ. ಆದರೆ ಸೂಚನೆ ಅನ್ನುವುದು ಕಾಗದ. ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಿ ಟ್ರೇಯಲ್ಲಿ ಮಲಗುವುದನ್ನು ನಾನು ಕಂಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ವಾಪಸು ಬರುವಾಗ ದಾವಣಗೆರೆಯಲ್ಲಿ ಇಳಿದ ಮೇಲೆ ನಾಗರಾಜಪ್ಪ ಬಾಯಿ ಬಿಟ್ಟರು. "ಇಪ್ಪತ್ತೆರಡು ವರ್ಷ ಲೇತು ನಿಮ್ ಕೈಯಾಗೆ ಕೊಟ್ಟಿದ್ದೆ. ನನ್ನ ಕಬ್ಬಿಣ ನಿಮಗೆ ಸಾಲಲಿಲ್ಲ. ನಾಳೆಯಿಂದ ಬರಬ್ಯಾಡ್ರಿ" ಅಂದರು. ಸೈನ್ಯದ ಕೆಲಸ ಅವರಿಗೆ ಇನ್ನು ಸಿಗುವುದಿಲ್ಲ. ಆರು ಜನ ಹುಡುಗರು ಅದನ್ನು ನಂಬಿಕೊಂಡಿದ್ದರು. ಐದು ದಿನದಿಂದ ಮನೆಯಲ್ಲಿದ್ದೇನೆ, ಈ ಕಾಗದವನ್ನು ಬರೆದು ಬರೆದು ಹರಿದು ಹಾಕಿದ್ದೇನೆ. ಬಾಗಿಲ ತಿರುಗಣಿ ಬಿಚ್ಚಿ ಮತ್ತೆ ಕೂರಿಸಿದೆ. ಅಮ್ಮಿಯ ಸ್ಟವ್ ಬಿಚ್ಚಿ ಕೂರಿಸಿದೆ, ಅದು ಮೊದಲು ಸರಿಯಾಗಿ ಉರಿಯುತ್ತಿತ್ತು. ಹಗಲು ಕೂತಲ್ಲಿ ಕೂರಲಾಗುವುದಿಲ್ಲ. ಹೊಳೆಯ ದಂಡೆಗೆ ಹೋಗುತ್ತೇನೆ, ಅರ್ಧ ದಾರಿಗೆ ನಿನ್ನ ಕಾಗದ ಹಿಡಿದು ಅಂಚೆಯವನು ಬಂದಿರಬಹುದು ಅಂತ ತಿರುಗಿ ಬರುತ್ತೇನೆ.

ಈಗ ಗಮನವಿಟ್ಟು ಓದು. ಈ ಕಾಗದದ ಜೊತೆ ಒಂದು ಸಣ್ಣ ಅರ ಇಟ್ಟು ರಿಜಿಸ್ಟರ್ ಮಾಡುತ್ತಿದ್ದೇನೆ. ಗಾಡಿಯ ಮೇಲಿನ ಪ್ರತಿ ಪಿನ್ನನ್ನೂ ತೆಗೆದು, ತಲೆಯ ಮೇಲೆ ಈ ಅರದಿಂದ ಒಂದು ಸಲ ಉಜ್ಜು. ಅರ ಕಚ್ಚಿ ಪುಡಿ ಉದುರಿದರೆ ಅದು ಮೆತ್ತನೆಯದು, ವಾಪಸು ಹಾಕು. ಗಾಜಿನ ಮೇಲೆ ಓಡಿದ ಹಾಗೆ ಜಾರಿದರೆ ಅದು ನನ್ನದು. ಅದನ್ನು ಹಾಕಬೇಡ, ಪಕ್ಕದವನಿಗೂ ಹಾಕಲು ಬಿಡಬೇಡ. ಅವತ್ತು ಹಾರಿಸುವ ಸರದಿ ತಪ್ಪಿದರೂ ಪರವಾಗಿಲ್ಲ. ದೊಡ್ಡ ಸಾಹೇಬರು ಬಂದು ನಿಂತು, ಪಾಸಾದ ಮಾಲಿನ ಮೇಲೆ ಅರ ಹಾಕಲು ನಿನಗೆ ಯಾರು ಹೇಳಿದರು ಅಂತ ಕೇಳುತ್ತಾರೆ. ಕೇಳಲೇಬೇಕು. ಆಗ ಪಿನ್ನು ಮಾಡಿದವನೇ ಹೇಳಿದ ಅನ್ನು. ಎಲ್ಲರ ಮುಂದೆ ನಿನ್ನ ಅಬ್ಬಾ ಅಂತ ಹೇಳುವುದು ನಿನಗೆ ಕಷ್ಟವಾದರೆ ಹೇಳಬೇಡ. ಹರಿಹರದ ಟರ್ನರ್ ಖಾಜಾ ಹುಸೇನ್ ಅಂದರೂ ಸಾಕು, ಅದರಲ್ಲೂ ಸುಳ್ಳಿಲ್ಲ.

ಅಲ್ಲಾಹ್ ನಿನ್ನನ್ನೂ, ನಿನ್ನ ಜೊತೆ ಆ ಗಾಡಿಯ ಸುತ್ತ ನಿಲ್ಲುವ ಎಲ್ಲ ತಾಯಂದಿರ ಮಕ್ಕಳನ್ನೂ ಕಾಪಾಡಲಿ. ಇಪ್ಪತ್ತೈದನೇ ತಾರೀಖು ಒಂದು ಕಾರ್ಡು ಹಾಕು. ಬೇರೇನೂ ಬರೆಯುವುದು ಬೇಡ, ಪಿನ್ನು ಮುರಿಯಿತು ಅಂತ ಬರೆ.

ಅಂಚೆಯವನ ದಾರಿ ಕಾಯುತ್ತಿರುವ
ನಿನ್ನ ಅಬ್ಬಾ,
ಖಾಜಾ ಹುಸೇನ್